ರಿಬೇಟಿಗೆ ಕಾದ ಹೊಲಿಗೆ ಟೀಚರ್

ಹೊಲಿಗೆ ಟೀಚರ್ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತರಕಾರಿ ಅಂಗಡಿಯ ಮುಂದೆ, ಹಳೆಯ ವಿದ್ಯಾರ್ಥಿನಿಯೊಬ್ಬಳ ಬಾಯಿಂದ. "ಮಿಸ್, ನಿಮಗೆ ಗೊತ್ತಾಗ್ಲಿಲ್ವಾ? ಆಗ್ಲೇ ಹದಿನೈದು ದಿನ ಆಯ್ತಂತೆ. ಕೆಂಗೇರೀಲಿ, ಅದೇ ಬಾಡಿಗೆ ಮನೇಲೇ" ಎಂದಳು. ಸಾವಿನ ಸುದ್ದಿಗಿಂತ ಆ ಕೊನೆಯ ಮಾತೇ ನನ್ನನ್ನು ಮೊದಲು ಚುಚ್ಚಿತು. ಬಾಡಿಗೆ ಮನೆ! ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುತ್ತಾರೆ. ನನಗೆ ಬಂತು, ಏನು ಮಾಡಲಿ? ಸೊಪ್ಪಿನ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ದುಃಖ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು.

ಎಂಬತ್ತರ ದಶಕದಲ್ಲಿ ನಾವಿಬ್ಬರೂ ವಿಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿದ್ದೆವು. ನಾನು ಲೆಕ್ಕದ ಟೀಚರ್, ಆಗಷ್ಟೇ ಕೆಲಸಕ್ಕೆ ಸೇರಿದವಳು. ಅವರು ನನಗಿಂತ ಸಾಕಷ್ಟು ಹಿರಿಯರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಎಲ್ಲೂ ಬಳಕೆಯಾಗುತ್ತಿರಲಿಲ್ಲ. ಹೆಡ್ಮಿಸ್ಟ್ರೆಸ್‌ನಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರಿಗೂ ಅವರು ಹೊಲಿಗೆ ಟೀಚರ್. ಕೊರಳಲ್ಲಿ ಸದಾ ಅಳತೆಯ ಟೇಪು. ಎಷ್ಟೋ ದಿನ ಅದನ್ನು ತೆಗೆಯುವುದನ್ನೇ ಮರೆತು ಬಸ್ಸು ಹತ್ತಿಬಿಡುತ್ತಿದ್ದರು. ಕಂಡಕ್ಟರ್ "ಏನ್ ಮೇಡಂ, ಬಸ್ಸಿಗೆ ಅಳತೆ ತಗೋತೀರಾ?" ಎಂದರೆ ನಾಚಿಕೊಂಡು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೆದಕಿದರೆ ಅವರದು ಒಂದೇ ಉತ್ತರ: "ತಡೀರಿ, ನೋಡೋಣ." ಆಗಲೇ ನಲವತ್ತು ದಾಟಿತ್ತು.

"ತಡೀರಿ, ನೋಡೋಣ" ಎಂಬ ಮಾತು ಅವರ ಬಾಯಲ್ಲಿ ದಿನವೂ ಇರುತ್ತಿತ್ತು. ಅವರು ಯಾವುದನ್ನೂ ಪೂರ್ತಿ ಬೆಲೆಗೆ ಕೊಂಡವರಲ್ಲ. ಸೀರೆ ಬೇಕಾದರೆ ಆಷಾಢ ಬರಬೇಕು. ಬೆಡ್‌ಶೀಟು, ಟವೆಲ್ಲು ಬೇಕಾದರೆ ಗಾಂಧಿ ಜಯಂತಿ ಬರಬೇಕು, ಖಾದಿ ಅಂಗಡಿಯಲ್ಲಿ ರಿಬೇಟು ಕೊಡಬೇಕು. ಒಂದು ವರ್ಷ ಮಳೆಗಾಲದ ಶುರುವಿನಲ್ಲೇ ಅವರ ಕೊಡೆ ಮುರಿಯಿತು. ಮಳೆ ಮುಗಿದ ಮೇಲೆ ಕೊಡೆ ಅಗ್ಗವಾಗುತ್ತದೆ ಎಂದು ಇಡೀ ಮಳೆಗಾಲ ನೆನೆದುಕೊಂಡೇ ಸ್ಕೂಲಿಗೆ ಬಂದರು. ಸ್ಟಾಫ್ ರೂಮಿನಲ್ಲಿ ಸೆರಗು ಹಿಂಡುತ್ತಾ, "ನಾಲ್ಕು ದಿನ ಕಾದ್ರೆ ಅವರೇ ಇಳಿಸ್ತಾರೆ ಕಣ್ರೀ. ಅರ್ಜೆಂಟು ಮಾಡೋರಿಂದಾನೇ ಅಂಗಡಿಯೋರು ಬದುಕೋದು" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರ ಲೆಕ್ಕ ತಪ್ಪಿರಲಿಲ್ಲ ಎನ್ನುವುದೂ ನಿಜ. ಕಾದಾಗಲೆಲ್ಲ ಬೆಲೆ ಇಳಿಯುತ್ತಿತ್ತು. ಸರಕಾರವೂ ಅವರ ಮಟ್ಟಿಗೆ ಒಂದು ದೊಡ್ಡ ಖಾದಿ ಅಂಗಡಿ, ಕಾದವರಿಗೆ ರಿಬೇಟು ಕೊಟ್ಟೇ ಕೊಡುತ್ತದೆ.

ಇನ್ನೊಂದು ಗುಣ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಸುಳ್ಳು ಅವರ ಬಾಯಲ್ಲಿ ಹೊರಡುತ್ತಲೇ ಇರಲಿಲ್ಲ. ಇದು ಹೊಗಳಿಕೆಯಲ್ಲ, ಅದರಿಂದ ನಮಗೆಲ್ಲ ಕಷ್ಟವೇ ಆಗುತ್ತಿತ್ತು. ನಾನು ಹೊಸ ರವಿಕೆ ತೊಟ್ಟು ಹೇಗಿದೆ ಅಂದರೆ, "ತೋಳು ಹಾಳು ಮಾಡಿದಾನೆ, ಬಿಚ್ಚಿ ಕೊಡಿ ಸರಿ ಮಾಡ್ತೀನಿ" ಎಂದು ಎಲ್ಲರೆದುರಿಗೂ ಹೇಳುವವರು. ಬೇಗ ಮನೆಗೆ ಹೋಗಲು ತಲೆನೋವು ಎಂದು ರಜೆ ಕೇಳುವುದು ಅವರಿಗೆ ಬರುತ್ತಿರಲಿಲ್ಲ. "ಬೇಜಾರಾಗಿದೆ, ಹೋಗ್ಲಾ?" ಎಂದು ನೇರ ಕೇಳಿ ಬೈಸಿಕೊಳ್ಳುತ್ತಿದ್ದರು.

ಅವರು ಗೋವಿಂದರಾಜನಗರದ ಒಂದು ವಠಾರದಲ್ಲಿ ಒಂಟಿ ಕೋಣೆಯಲ್ಲಿದ್ದರು. ಹೊಲಿಗೆ ಮಿಷನ್ನಿನ ಸದ್ದಾಗುತ್ತದೆ ಎಂದು ಮನೆಯೊಡತಿಯ ಗೊಣಗಾಟ. ಯಾರು ಬಂದರು, ಯಾರು ಹೋದರು ಎಂದು ಬೇರೆ ಕಾವಲು. ಒಂದು ಸಲ ಅವರ ತಮ್ಮ ಊರಿಂದ ಬಂದು ಉಳಿದಾಗ, "ತಮ್ಮನೇ ಅಂತ ಏನ್ ಗ್ಯಾರಂಟಿ?" ಎಂದು ಆಕೆ ನಲ್ಲಿಯ ಹತ್ತಿರ ಹೇಳಿದ್ದು ಇವರ ಕಿವಿಗೆ ಬಿತ್ತು. ಮರುದಿನ ಸ್ಟಾಫ್ ರೂಮಿನಲ್ಲಿ ದಾರವನ್ನು ಹಲ್ಲಲ್ಲಿ ಕಡಿದು, "ಸಾಯೋದಾದ್ರೂ ಸ್ವಂತ ಮನೇಲಿ ಸಾಯ್ಬೇಕು ಕಣ್ರೀ. ಯಾರೂ ಬಾಗಿಲಲ್ಲಿ ನಿಂತು ಲೆಕ್ಕ ಇಡಬಾರ್ದು" ಎಂದರು. ಆ ಮಾತಿಗೆ ನಾವ್ಯಾರೂ ನಗಲಿಲ್ಲ.

ಮನೆ ಸಿಕ್ಕಿದ್ದು ಹೊಸಹಳ್ಳಿಯಲ್ಲಿ. ಹಳೆಯ ಊರಿನ ಒಬ್ಬ ಗೌಡರು, ಹೊಲವೆಲ್ಲ ಬಡಾವಣೆಗೆ ಹೋಗಿ ಉಳಿದ ಜಾಗದಲ್ಲಿ ಎರಡು ಕೋಣೆಯ ಹೆಂಚಿನ ಮನೆಯೊಂದನ್ನು ಮಾರುವುದಕ್ಕಿಟ್ಟಿದ್ದರು. ಇವರ ಹತ್ತಿರ ಹೊಲಿಗೆ ಕಲಿತಿದ್ದ ಅವರ ಮೊಮ್ಮಗಳೇ ಸುದ್ದಿ ತಂದಳು. ಗೌಡರಿಗೆ ಹಲ್ಲಿರಲಿಲ್ಲ, ಕಣ್ಣು ಮಂಜು, ಮಾತು ಮಾತ್ರ ಖಡಕ್ಕು. "ಟೀಚರಮ್ಮ, ಒಂಟಿ ಹೆಂಗಸು ನೀನು. ಚೌಕಾಸಿ ಮಾಡ್ಬೇಡ, ನಾನೂ ಜಾಸ್ತಿ ಹೇಳಲ್ಲ" ಎಂದರಂತೆ. ಜೀವನದಲ್ಲಿ ಮೊದಲ ಸಲ ಟೀಚರ್ ಚೌಕಾಸಿ ಮಾಡಲಿಲ್ಲ. ಪಿ.ಎಫ್. ಸಾಲ, ಒಡವೆ, ಚೀಟಿ ಎಲ್ಲವನ್ನೂ ಸೇರಿಸಿ ಪೂರ್ತಿ ಹಣ ಕೊಟ್ಟುಬಿಟ್ಟರು. ರಿಜಿಸ್ಟರ್ ಮಾಡಿಸುವುದಕ್ಕೆ ಏನು ಖರ್ಚು ಎಂದು ಕೇಳಿದ್ದು ಅದಾದ ಮೇಲೆ!

ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅವರ ಜೊತೆ ನಾನೂ ಹೋಗಿದ್ದೆ. ಬೇವಿನ ಮರದಡಿ ಕೂತ ಪತ್ರಬರಹಗಾರ ವಿವರಿಸಿದ. ಕ್ರಯಪತ್ರಕ್ಕೆ ಛಾಪಾ ಕಾಗದ ಕೊಳ್ಳಬೇಕು, ಅದು ಮನೆಯ ಬೆಲೆಗೆ ನೂರಕ್ಕೆ ಇಷ್ಟು ಎಂಬ ಲೆಕ್ಕ. ಅದರ ಮೇಲೆ ಸರ್‌ಚಾರ್ಜು. ಆಮೇಲೆ ನೋಂದಣಿ ಶುಲ್ಕ ಬೇರೆ. ನಾನು ಕೂಡಿಸಿ ಹೇಳಿದೆ. ಟೀಚರ್ ಅವರ ಒಂದು ವರ್ಷದ ಸಂಬಳವೂ ಸಾಲದು. ಅವರ ಮುಖ ಬಿಳಿಚಿಕೊಂಡಿತು. "ಬಟ್ಟೆ ಕೊಂಡಾಯ್ತು, ಹೊಲಿಗೆ ಕೂಲಿಗೆ ದುಡ್ಡಿಲ್ಲ ಅನ್ನೋ ಹಾಗಾಯ್ತಲ್ರೀ" ಎಂದರು.

"ಪತ್ರದಲ್ಲಿ ಬೆಲೆ ಅರ್ಧ ತೋರ್ಸಿ ಮೇಡಂ. ಎಲ್ಲಾರೂ ಮಾಡೋದೇ ಅದು" ಎಂದ ಪತ್ರಬರಹಗಾರ.

"ಕೊಟ್ಟಿರೋದು ಪೂರ್ತಿ, ಬರೆಯೋದು ಅರ್ಧನಾ? ನಂಗೆ ಆಗಲ್ಲಪ್ಪ."

"ಹಾಗಾದ್ರೆ ಅಗ್ರಿಮೆಂಟು ಮಾಡ್ಕೊಂಡು, ಗೌಡ್ರ ಕೈಲಿ ಪವರ್ ಬರೆಸ್ಕೊಂಡು ಮನೆಗೆ ಹೋಗ್ಬಿಡಿ. ದುಡ್ಡಾದಾಗ ರಿಜಿಸ್ಟ್ರು ಮಾಡ್ಸಿ. ಹೆಂಗಸರ ಹೆಸ್ರಿಗೆ ಕೊಂಡ್ರೆ ಕಡಿಮೆ ಮಾಡ್ತಾರಂತೆ ಅಂತ ಬೇರೆ ಸುದ್ದಿ ಇದೆ, ಮುಂದಿನ ಬಜೆಟ್‌ನಲ್ಲಿ."

ಅದು ಬರೀ ಗಾಳಿಸುದ್ದಿ. ಆದರೆ ಟೀಚರ್ ಅವರ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಗಾಂಧಿ ಜಯಂತಿ ಹತ್ತಿರ ಬಂದಾಗ ಅವರ ಕಣ್ಣು ಅರಳುತ್ತಿದ್ದುದು ಹೀಗೆಯೇ. "ಬಟ್ಟೆಗೆ ರಿಬೇಟು ಕೊಡೋ ಸರಕಾರ ಮನೆಗೆ ಕೊಡಲ್ವಾ? ತಡೀರಿ, ನೋಡೋಣ" ಎಂದರು. ಸುಳ್ಳು ಬೆಲೆ ಬರೆಯಲಾರದವರಿಗೆ ಉಳಿಸುವ ದಾರಿ ಕಾಯುವುದೊಂದೇ. ಅಗ್ರಿಮೆಂಟು, ಪವರ್ ಎರಡನ್ನೂ ಬರೆಸಿಕೊಂಡು ಆ ಮನೆಗೆ ಹೋದರು, ಕಾದರು.

ಪವರ್ ಎಂದರೆ, ಮಾಲೀಕ ಬದುಕಿರುವಾಗ ಅವನ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಅಷ್ಟೇ. ಮಾಲೀಕ ಸತ್ತ ದಿನ ಆ ಕಾಗದವೂ ಸತ್ತಂತೆ. ಆಮೇಲೆ ಹಕ್ಕೆಲ್ಲ ವಾರಸುದಾರರದು, ಅವರೆಲ್ಲ ಒಪ್ಪಿ ಸಹಿ ಹಾಕಬೇಕು, ಇಲ್ಲವೇ ಕೋರ್ಟು ಹತ್ತಬೇಕು. ನಮ್ಮ ಹಿಂದಿ ಟೀಚರ್ ಅವರ ಗಂಡ ವಕೀಲರು, ಅವರು ಇದನ್ನು ಬಿಡಿಸಿ ಹೇಳಿದ ದಿನ ಹೊಲಿಗೆ ಟೀಚರ್ ಊಟದ ಡಬ್ಬಿ ತೆರೆಯಲಿಲ್ಲ. ಆ ಶನಿವಾರ ಸ್ಕೂಲು ಬಿಟ್ಟ ಕೂಡಲೇ ಬಾಳೆಹಣ್ಣು ಕಟ್ಟಿಸಿಕೊಂಡು ಗೌಡರ ಮನೆಗೆ ಹೋದರು.

ಮುಂದೆ ಅದೇ ರೂಢಿಯಾಯಿತು. ಶನಿವಾರ ಅರ್ಧ ದಿನದ ಸ್ಕೂಲು, ಮಧ್ಯಾಹ್ನ ಗೌಡರ ಮನೆ. ಮೊದಲು ಹೋಗುತ್ತಿದ್ದುದು ಹೆದರಿಕೆಯಿಂದ ಎಂದು ಅವರೇ ನನ್ನೊಡನೆ ಹೇಳಿದ್ದಾರೆ. ಗೌಡರು ಹೇಗಿದ್ದಾರೆ, ಉಸಿರು ಸರಿಯಿದೆಯೇ, ಕಾಲು ಊದಿದೆಯೇ ಎಂದು ನೋಡಿಕೊಂಡು ಬರಲು. ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋದವರು ಇವರೇ. ಚಳಿಗಾಲಕ್ಕೆ ಒಳಗೆ ಫ್ಲಾನೆಲ್ ಕೊಟ್ಟ ಅಂಗಿ ಹೊಲಿದುಕೊಟ್ಟರು. ಹಲ್ಲಿಲ್ಲದ ಮುದುಕನಿಗೆ ಎಲೆಅಡಿಕೆಯ ಚಪಲ. ಸೊಸೆಯರಿಗೆ ಅದಕ್ಕೆ ಪುರುಸೊತ್ತಿರಲಿಲ್ಲ. ಟೀಚರ್ ಜಗಲಿಯ ಮೇಲೆ ಕೂತು ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆ, ಅಡಿಕೆ, ಸುಣ್ಣವನ್ನು ನುಣ್ಣಗೆ ಕುಟ್ಟಿ ಅವರ ಅಂಗೈಗೆ ಹಾಕುತ್ತಿದ್ದರು. ಗೌಡರು ಬಾಯಾಡಿಸುತ್ತಾ ತಮ್ಮ ಹೊಲಗಳ ಕಥೆ ಹೇಳುತ್ತಿದ್ದರು. ಈಗ ಬಸ್‌ಸ್ಟಾಪು ಇರುವಲ್ಲಿ ರಾಗಿ, ಸಿನಿಮಾ ಟಾಕೀಸು ಎದ್ದಲ್ಲಿ ಅವರೆ, ಹೀಗೆ.

ಸ್ಟಾಫ್ ರೂಮಿಗೆ ಇದು ದೊಡ್ಡ ತಮಾಷೆ. "ಟೀಚರೇ, ನಿಮ್ಮ ಮನೆ ಕೆಮ್ತಾ ಇದೆಯಂತೆ" ಎಂದು ಒಬ್ಬರು. "ನಿಮ್ಮ ಮನೆಗೆ ಬೇಧಿ ಹತ್ಕೊಂಡಿದೆಯಂತೆ, ಬೇಗ ಹೋಗಿ" ಎಂದು ಇನ್ನೊಬ್ಬರು. ಅವರೂ ನಗುತ್ತಿದ್ದರು. ಆದರೆ ಯಾವಾಗಲೋ ಒಂದು ದಿನ ನಗುವುದನ್ನು ಬಿಟ್ಟರು. ಗೌಡರಿಗೆ ಜ್ವರ ಬಂದಿದ್ದ ವಾರ ಅದು. ಮನೆಯ ಚಿಂತೆಯೇ ಎಂದು ನಾನು ಕೇಳಿದೆ. "ಮನೆ ನೆನಪೇ ಆಗಿಲ್ಲ ಕಣ್ರೀ. ಮುದುಕಪ್ಪ ಗಂಜಿ ಕೂಡ ಕುಡೀತಾ ಇಲ್ಲ" ಎಂದರು. ಅವರು ಸುಳ್ಳು ಹೇಳುವವರಲ್ಲ ಎಂದು ಆಗಲೇ ಹೇಳಿದ್ದೇನೆ.

ಪ್ರತಿ ಮಾರ್ಚಿನಲ್ಲಿ ಬಜೆಟ್ಟಿನ ಮರುದಿನ ಅವರು ಸ್ಟಾಫ್ ರೂಮಿನ ಪೇಪರನ್ನು ಯಾರಿಗೂ ಕೊಡುತ್ತಿರಲಿಲ್ಲ. ಬೆರಳಿಟ್ಟುಕೊಂಡು ಸಾಲು ಸಾಲು ಓದುತ್ತಿದ್ದರು. ಸೊಸೈಟಿ ಸೈಟಿನವರಿಗೆ ಏನೋ ವಿನಾಯಿತಿ, ಬಡವರ ಸೈಟಿಗೆ ಇನ್ನೇನೋ. ಊರಗೌಡರಿಂದ ಹೆಂಚಿನ ಮನೆ ಕೊಂಡ ಹೊಲಿಗೆ ಟೀಚರಿಗೆ ಮಾತ್ರ ಏನೂ ಇರುತ್ತಿರಲಿಲ್ಲ. ಪೇಪರನ್ನು ಸೀರೆ ಮಡಿಸಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿ, "ಮುಂದಿನ ವರ್ಷ ನೋಡೋಣ" ಎಂದು ಏಳುತ್ತಿದ್ದರು. ನನಗೆ ತಲೆ ಕೆಡುತ್ತಿತ್ತು. "ಟೀಚರೇ, ಒಂದು ವೇಳೆ ರಿಯಾಯಿತಿ ಬಂದ್ರೂ ನಿಮಗೇನು ಲಾಭ? ನೀವು ಕೊಟ್ಟ ಬೆಲೆ ಅವರು ನೋಡಲ್ಲ, ಈಗಿನ ರೇಟಿಗೆ ಹಾಕ್ತಾರೆ. ಹೊಸಹಳ್ಳೀಲಿ ಬೆಲೆ ಎಲ್ಲಿಗೆ ಹೋಗಿದೆ ನೋಡಿದೀರಾ? ಕಾದಷ್ಟೂ ನಿಮಗೇ ಜಾಸ್ತಿ ಬೀಳೋದು" ಎಂದು ಬೋರ್ಡಿನ ಮೇಲೆ ಲೆಕ್ಕ ಮಾಡಿಯೇ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿದರು. ಕೊನೆಗೆ, "ನಿಮ್ಮ ಲೆಕ್ಕ ಸರಿ. ಆದ್ರೆ ನಾಳೆ ಕಟ್ಟಿ, ನಾಡಿದ್ದು ಇಳಿಸಿಬಿಟ್ರೆ?" ಎಂದರು! ನಾನು ಸೀಮೆಸುಣ್ಣ ಬಿಸಾಕಿ ಕ್ಲಾಸಿಗೆ ಹೋದೆ.

ಉಯಿಲಿನ ದಾರಿ ತೋರಿಸಿದವರು ವಕೀಲರು. ಗೌಡರು ಈ ಮನೆ ಟೀಚರಿಗೆ ಸೇರಬೇಕೆಂದು ಉಯಿಲು ಬರೆದರೆ ಛಾಪಾ ಕಾಗದವೇ ಬೇಡ, ಶುಲ್ಕವಿಲ್ಲ. ಗೌಡರಿಗೆ ಹೇಳಿದರೆ ಅವರು, "ಅಷ್ಟೇನಾ? ಬರಕಳ್ಳಿ, ಹೆಬ್ಬೆಟ್ಟು ಒತ್ತೀನಿ" ಎಂದರಂತೆ. ಇದಕ್ಕಿಂತ ದೊಡ್ಡ ರಿಬೇಟು ಇನ್ನಾವುದಿದೆ? ನಾನಂತೂ ಕುಣಿದಾಡಿದೆ. ಟೀಚರ್ ಎರಡು ದಿನ ಸ್ಟಾಫ್ ರೂಮಿನ ಕಡೆಗೇ ಬರಲಿಲ್ಲ. ಮೂರನೆಯ ದಿನ ಹೊಲಿಗೆ ಕೋಣೆಗೆ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ಬೇಡ ಕಣ್ರೀ. ಈಗ ನಾನು ಶನಿವಾರ ಹೋಗುವಾಗ, ದೇವ್ರೇ ಮುದುಕಪ್ಪ ಚೆನ್ನಾಗಿರ್ಲಿ ಅಂತ ಹೋಗ್ತೀನಿ. ಆ ಕಾಗದ ಬರೆಸ್ಕೊಂಡ್ಮೇಲೆ ಏನಂತ ಹೋಗ್ಲಿ? ಅವರು ಕೆಮ್ಮಿದಾಗೆಲ್ಲ ನನ್ನ ಮನಸ್ಸು ಏನನ್ನುತ್ತೋ ಯಾರಿಗೆ ಗೊತ್ತು. ಅವರು ಸಾಯ್ಲಿ ಅಂತ ಕಾಯೋ ಹೆಂಗಸು ನಾನಾಗಬಾರ್ದು."

"ಮನಸ್ಸಿನಲ್ಲಿ ಬಂದದ್ದಕ್ಕೆಲ್ಲ ಯಾರು ಕಂದಾಯ ಹಾಕ್ತಾರೆ?" ಎಂದೆ.

"ನಾನೇ ಹಾಕ್ಕೋತೀನಿ" ಎಂದು ಮಿಷನ್ನಿನ ಚಕ್ರ ತಿರುಗಿಸಿದರು.

ಹಾಗೆ ಅದೂ ಹೋಯಿತು. ಕೊನೆಗೊಂದು ಮಾರ್ಚಿನಲ್ಲಿ ಪೇಪರು ಮಡಿಸಿಟ್ಟು, "ಸಾಕು. ಇನ್ನು ಕಾಯಲ್ಲ. ಪೂರ್ತೀನೇ ಕಟ್ತೀನಿ" ಎಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶಿಕ್ಷಕರ ಸೊಸೈಟಿಯಲ್ಲಿ ಸಾಲ ಎತ್ತಿದರು, ಜಾಮೀನಿಗೆ ನಾನೇ ನಿಂತೆ. ಛಾಪಾ ಕಾಗದ ಬಂತು, ಪತ್ರ ಸಿದ್ಧವಾಯಿತು. ಸೋಮವಾರ ಗೌಡರನ್ನು ಆಟೋದಲ್ಲಿ ಕಚೇರಿಗೆ ಕರೆದೊಯ್ಯುವುದೆಂದು ತೀರ್ಮಾನ. ಭಾನುವಾರ ಬೆಳಿಗ್ಗೆ ಗೌಡರು ಬಚ್ಚಲಲ್ಲಿ ಬಿದ್ದರು.

ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಯಿತು. ಡಾಕ್ಟರು ಆಸ್ಪತ್ರೆ ಬೇಡ ಎಂದರು. ವಕೀಲರು ಓಡಾಡಿ, ಹಾಸಿಗೆ ಹಿಡಿದವರ ಮನೆಗೇ ಸಬ್‌ರಿಜಿಸ್ಟ್ರಾರ್ ಬಂದು ನೋಂದಣಿ ಮಾಡುವ ವ್ಯವಸ್ಥೆಗೆ ಅರ್ಜಿ ಕೊಟ್ಟರು. ಅಧಿಕಾರಿ ಬುಧವಾರ ಬಂದರು. ಪತ್ರ ಆಗಲಿಲ್ಲ. ಶನಿವಾರ ಬರುವ ಮೊದಲೇ ಗೌಡರು ತೀರಿಕೊಂಡರು.

ಆಮೇಲಿನದನ್ನು ಬೆಳೆಸಿ ಹೇಳುವುದಕ್ಕೆ ನನಗೆ ಮನಸ್ಸಿಲ್ಲ. ಹಿರಿಯ ಮಗ ಒಳ್ಳೆಯವನು, ಸಹಿ ಹಾಕಲು ಸಿದ್ಧನಿದ್ದ. ಉಳಿದವರು ಇವತ್ತಿನ ರೇಟು ಕೊಡಿ, ಇಲ್ಲ ಮನೆ ಬಿಡಿ ಎಂದರು. ಕೇಸು ಹಾಕಿ, ಅಗ್ರಿಮೆಂಟಿದೆ, ಗೆಲ್ಲಬಹುದು ಎಂದರು ವಕೀಲರು. "ಕೋರ್ಟಲ್ಲಿ ಆ ಮುದುಕಪ್ಪನ ಹೆಸ್ರು ಕೂಗಿಸ್ಲಾ?" ಎಂದು ಟೀಚರ್ ಒಪ್ಪಲಿಲ್ಲ. ಕೊಟ್ಟ ಹಣ ವಾಪಸು ಬಂತು. ಅಷ್ಟರಲ್ಲಿ ಅದಕ್ಕೆ ಹೊಸಹಳ್ಳಿಯಲ್ಲಿ ಒಂದು ಕೋಣೆಯೂ ಬರುತ್ತಿರಲಿಲ್ಲ. ಬಾಡಿಗೆ ಅಗ್ಗವೆಂದು ಕೆಂಗೇರಿಗೆ ಹೋದರು. ಕಾದ ರಿಯಾಯಿತಿ ಅವರ ಕಾಲಕ್ಕೆ ಬರಲಿಲ್ಲ. ನಾನು ಎರಡು ಮೂರು ಸಲ ಹೋಗಿ ಬಂದೆ. ಹೋದಾಗಲೆಲ್ಲ ಮಾತು ಆ ಮನೆಯ ಕಡೆಗೇ ಹರಿದು ನನಗೆ ಸಿಟ್ಟು ಏರುತ್ತಿತ್ತು, ಅವರು ಕಾಫಿ ಮಾಡಲು ಎದ್ದು ಹೋಗುತ್ತಿದ್ದರು. ಕೊನೆಕೊನೆಗೆ ಹೋಗುವುದು ನಿಂತಿತು.

ಆ ಬುಧವಾರದ್ದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ನಾನು ಅಲ್ಲಿದ್ದೆ. ನಡುಮನೆಯಲ್ಲಿ ಚಾಪೆಯ ಮೇಲೆ ಗೌಡರು, ಸುತ್ತ ಮನೆಮಂದಿ. ಅಧಿಕಾರಿ ಇಂಕಿನ ಪ್ಯಾಡನ್ನು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೇ ಕೂತರು. ಒಳ್ಳೆಯ ಮನುಷ್ಯ.

"ಯಜಮಾನ್ರೇ, ಈ ಮನೆ ಟೀಚರಿಗೆ ಮಾರಿದೀರಾ? ದುಡ್ಡು ಬಂದಿದೆಯಾ? ಒಪ್ಪಿ ಹೆಬ್ಬೆಟ್ಟು ಹಾಕ್ತೀರಾ?" ಎಂದು ಗಟ್ಟಿಯಾಗಿ ಕೇಳಿದರು.

ಗೌಡರು ಅಧಿಕಾರಿಯನ್ನು ನೋಡಲಿಲ್ಲ. ಕಣ್ಣು ಅಲ್ಲಿ ಇಲ್ಲಿ ಅಲೆದು ಟೀಚರ್ ಮೇಲೆ ನಿಂತಿತು. "ರಾಗಿ ಕುಯ್ದಾಯ್ತಾ?" ಎಂದರು. ಅಧಿಕಾರಿ ಇನ್ನೊಮ್ಮೆ ಕೇಳಿದರು. "ಎತ್ತು ಕಟ್ರೋ, ಮಳೆ ಬರ್ತದೆ" ಎಂದರು ಗೌಡರು.

ಹಿರಿಯ ಮಗ ಮುಂದೆ ಬಂದು, "ಅಪ್ಪ ಮಾತು ಕೊಟ್ಟಿರೋದು ನಮಗೆಲ್ಲಾ ಗೊತ್ತು ಸಾರ್. ಬೆರಳು ಹಿಡ್ಕೊಂಡು ಒತ್ತಿಸ್ಬಿಡಿ" ಎಂದ. ಅಧಿಕಾರಿ ಟೀಚರ್ ಕಡೆಗೆ ತಿರುಗಿ ದನಿ ತಗ್ಗಿಸಿದರು. "ನೀವು ವಾರಾ ವಾರಾ ನೋಡಿದೋರು. ಇವರಿಗೆ ತಿಳುವಳಿಕೆ ಇದೆ ಅಂತ ನೀವೊಂದು ಮಾತು ಹೇಳಿ. ನನಗೆ ಅಷ್ಟು ಸಾಕು."

ಅದರಲ್ಲಿ ಸುಳ್ಳೇನಿತ್ತು ಹೇಳಿ! ಮಾರಿದ್ದು ನಿಜ, ಹಣ ಬಂದದ್ದು ನಿಜ, ಮುದುಕ ಒಪ್ಪಿದ್ದು ನಿಜ. ಒಂದು 'ಹೂಂ' ಅಂದಿದ್ದರೆ ಮನೆ ಅವರದಾಗುತ್ತಿತ್ತು. ನಾನು ಹಿಂದಿನಿಂದ ಅವರ ತೋಳು ಚಿವುಟಿದೆ.

ಟೀಚರ್ ಗೌಡರನ್ನೇ ನೋಡಿದರು. "ಇಲ್ಲ ಸಾರ್. ಅವರಿಗೆ ಏನೂ ತಿಳೀತಾ ಇಲ್ಲ" ಎಂದರು.

ಅಷ್ಟರಲ್ಲಿ ಗೌಡರ ಬಲಗೈ ಚಾಪೆಯ ಮೇಲೆ ತಡಕಾಡಿ ಟೀಚರ್ ಅವರ ಸೆರಗು ಹಿಡಿಯಿತು. ಮುಖದಲ್ಲಿ ಸ್ವಲ್ಪ ಗೆಲುವು ಬಂತು. "ಟೀಚರಮ್ಮ ಬಂದವ್ಳೆ. ಇವತ್ತು ಶನಿವಾರನಾ?" ಎಂದರು.

"ಹೂಂ ಕಣಪ್ಪಾ, ಶನಿವಾರಾನೇ" ಎಂದರು ಟೀಚರ್. ಅಧಿಕಾರಿ ಪ್ಯಾಡಿನ ಮುಚ್ಚಳ ಹಾಕುತ್ತಿದ್ದರು. ಟೀಚರ್ ಗೂಡಿನಿಂದ ಕುಟ್ಟಾಣಿ ತೆಗೆದುಕೊಂಡು ಚಾಪೆಯ ಪಕ್ಕ ಎಲೆಅಡಿಕೆ ಕುಟ್ಟಲು ಕೂತರು.